ಬಿಡಿ ಕಾಮಿಕ್ಸ್ ಕೊಳ್ಳೋದಾ, ಸಂಪುಟಕ್ಕೆ ಕಾಯೋದಾ? ಕಾರವಾರದ ಮಳೆ ತಿಂದು ಉಳಿದ ಲೆಕ್ಕ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತು ಇಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಬಿಡಿ ಅಂದರೆ ತಿಂಗಳಿಗೊಂದು ಬರುವ ತೆಳು ಸಂಚಿಕೆ, ಸಂಪುಟ ಅಂದರೆ ಅಂಥ ಹಲವು ಸಂಚಿಕೆ ಸೇರಿಸಿ ಆಮೇಲೆ ಬರುವ ಪುಸ್ತಕ. ಸಂಪುಟವಾಗಿ ಬಂದೇ ಬರುತ್ತದೆ ಅನ್ನುವ ಕಾಮಿಕ್ಸ್ ಆದರೆ ಸುಮ್ನೆ ಕಾಯಿರಿ. ಯಾರೂ ಸಂಪುಟ ಮಾಡಲ್ಲ ಅನ್ನಿಸುವ ಕಾಮಿಕ್ಸ್ ಆದರೆ ಬಿಡಿ ಸಂಚಿಕೆ ಕಂಡಲ್ಲೇ ಕೊಳ್ಳಿ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವವರ ಲೆಕ್ಕ ಬೇರೆ ಇರಬಹುದು. ನಾನಿರೋದು ಕಾರವಾರದಲ್ಲಿ, ಸಮುದ್ರದ ಗಾಳಿ ನೇರ ಕಿಟಕಿಗೆ ಹೊಡೆಯುವ ಮನೆಯಲ್ಲಿ. ಇಲ್ಲಿ ಕಾಮಿಕ್ಸ್ ಕೊಳ್ಳುವಾಗ ಕಥೆ, ಚಿತ್ರ, ಬೆಲೆ ಎಲ್ಲಾ ನೋಡಿದ ಮೇಲೆ ಇನ್ನೂ ಒಂದು ನೋಡಬೇಕು. ಪುಸ್ತಕದ ಬೆನ್ನಿಗೆ ಪಿನ್ನು ಹೊಡೆದಿದ್ದಾರಾ, ಅಂಟು ಹಾಕಿದ್ದಾರಾ, ದಾರದಲ್ಲಿ ಹೊಲಿದಿದ್ದಾರಾ ಅಂತ.

ಎರಡೂ ತರಹ ವರ್ಷಗಟ್ಟಲೆ ಕೊಂಡಿದ್ದೇನೆ, ಈಗಲೂ ಕೊಳ್ಳುತ್ತಿದ್ದೇನೆ. ಹಾಗಾಗಿ ಇದು ಒಂದು ಪುಸ್ತಕದ ವಿಮರ್ಶೆ ಅಲ್ಲ, ಕೊಳ್ಳುವ ಎರಡು ದಾರಿಗಳ ವಿಮರ್ಶೆ.

ದುಡ್ಡಿನ ವಿಷಯ ಬೇಗ ಮುಗಿಸೋಣ. ಅಮೆರಿಕದ ಮಾಸಿಕ ಕಾಮಿಕ್ಸ್ ಕೈಗೆ ತಗೊಂಡವರಿಗೆ ಗೊತ್ತು, ಅದು ಬಹಳ ತೆಳು. ಒಟ್ಟು 32 ಪುಟದ ಆಸುಪಾಸು, ಅದರಲ್ಲಿ ಕಥೆ 20ರಿಂದ 22 ಪುಟ, ಉಳಿದದ್ದು ಜಾಹೀರಾತು. ಕಪ್ಪಿನಲ್ಲಿ ಚಹಾ ಆರುವ ಮೊದಲೇ ಓದಿ ಮುಗಿಯುತ್ತದೆ. ಮುಖಬೆಲೆ 3.99 ಡಾಲರ್ ಇರುತ್ತಿತ್ತು, ಈಗ 4.99 ಸಾಮಾನ್ಯ. ಆರು ಸಂಚಿಕೆಗೆ ಹತ್ತಿರ ಹತ್ತಿರ 24ರಿಂದ 30 ಡಾಲರ್ ಆಯಿತು. ಅದೇ ಆರು ಸಂಚಿಕೆ ಸೇರಿದ ಪೇಪರ್‌ಬ್ಯಾಕ್ ಸಂಪುಟ 17ರಿಂದ 20 ಡಾಲರಿಗೆ ಸಿಗುತ್ತದೆ, ಜಾಹೀರಾತಿನ ಕಾಟವೂ ಇಲ್ಲ. ನಮ್ಮಲ್ಲಿಗೆ ಬರುವಾಗ ಅಂಗಡಿಯವರು ಡಾಲರನ್ನು ತಮ್ಮ ತಮ್ಮ ದರದಲ್ಲಿ ರೂಪಾಯಿ ಮಾಡುತ್ತಾರೆ. 2019ರ ಬಜೆಟ್ಟಿನಲ್ಲಿ ಹೊರದೇಶದ ಪುಸ್ತಕಗಳ ಮೇಲೆ 5 ಶೇಕಡಾ ಕಸ್ಟಮ್ಸ್ ಸುಂಕ ಬೇರೆ ಬಿತ್ತು. ಇಷ್ಟಾದ ಮೇಲೆ ಕೊರಿಯರ್ ಖರ್ಚು. ದುಡ್ಡೊಂದನ್ನೇ ನೋಡುವವರಿಗೆ ಇಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ, ಸಂಪುಟವೇ ಸರಿ. 2024ರಿಂದ ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯವರು ಕಾಂಪ್ಯಾಕ್ಟ್ ಕಾಮಿಕ್ಸ್ ಅಂತ ಸಣ್ಣ ಅಳತೆಯ ಸಂಪುಟಗಳನ್ನು 9.99 ಡಾಲರಿಗೆ ಬಿಡುತ್ತಿದ್ದಾರೆ, ಹೊಸದಾಗಿ ಶುರುಮಾಡುವವರಿಗೆ ಅದೇ ಸಾಕು. ಅಕ್ಷರ ಸ್ವಲ್ಪ ಸಣ್ಣದು, ನಲವತ್ತು ದಾಟಿದವರು ಕನ್ನಡಕ ಹುಡುಕಬೇಕಾಗುತ್ತದೆ.

ಹಾಗಾದರೆ ಬಿಡಿ ಸಂಚಿಕೆ ಯಾಕೆ ತರಿಸಿದ್ದು? ಆಸೆ, ಮತ್ತೇನು. ಮುಂದಿನ ತಿಂಗಳು ಏನಾಗುತ್ತೆ ಅಂತ ಕಾಯುವ ಮಜಾ ಸಂಪುಟದಲ್ಲಿ ಸಿಗಲ್ಲ. ಕೊನೆಯ ಪುಟದಲ್ಲಿ ಒಂದು ಬಾಗಿಲು ತೆರೆಯುತ್ತದೆ, ಒಳಗೆ ಯಾರೋ ನಿಂತಿದ್ದಾರೆ, ಅಲ್ಲಿಗೆ ಕಥೆ ನಿಲ್ಲಿಸುತ್ತಾರೆ. ತಿಂಗಳು ಪೂರ್ತಿ ಅದೇ ತಲೆಯಲ್ಲಿ. ಸಂಪುಟದಲ್ಲಿ ಪುಟ ತಿರುಗಿಸಿದರೆ ಮುಗಿಯಿತು.

ಕಾರವಾರದಲ್ಲಿ ಇವನ್ನು ಮಾರುವ ಅಂಗಡಿ ಇಲ್ಲ. ರೈಲು ಹತ್ತಿದರೆ ಮಡಗಾಂವ್ ಹತ್ತಿರವೇ, ಆದರೆ ಅಲ್ಲೂ ನನಗೆ ಸಿಕ್ಕಿದ್ದು ಸಂಪುಟಗಳು ಮತ್ತು ಮಾಂಗಾ ಅನ್ನುವ ಜಪಾನಿನ ಕಾಮಿಕ್ಸ್ ಮಾತ್ರ. ಹಾಗಾಗಿ ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಹೆಸರು ಬರೆಸಿ ತರಿಸಿಕೊಳ್ಳಬೇಕು. ಎರಡು ಮೂರು ತಿಂಗಳು ಮುಂಚೆ ಪಟ್ಟಿ ಬರುತ್ತದೆ, ಯಾವುದು ಬೇಕು ಅಂತ ಹೇಳಬೇಕು, ಮುಂಗಡ ಕೊಡಬೇಕು. ಅವರು ತಿಂಗಳದ್ದೆಲ್ಲಾ ಒಟ್ಟು ಮಾಡಿ ಒಂದು ಕಟ್ಟಿನಲ್ಲಿ ಕಳಿಸುತ್ತಾರೆ. ಅಂದರೆ ಅಮೆರಿಕದಲ್ಲಿ ಬುಧವಾರ ಬಂದ ಪುಸ್ತಕ ನಮ್ಮ ಕೈಗೆ ಬರುವಾಗ ಅಲ್ಲಿ ಅದರ ಮುಂದಿನ ಸಂಚಿಕೆ ಬಂದು, ಯಾರು ಸತ್ತರು ಅಂತ ಫೋನಿನಲ್ಲಿ ಎಲ್ಲರೂ ಹೇಳಿ ಮುಗಿದಿರುತ್ತದೆ. ಬಿಡಿ ಸಂಚಿಕೆಯ ದೊಡ್ಡ ಲಾಭವೇ ಕಾಯುವ ಮಜಾ ಅಂದೆನಲ್ಲ, ಅದರಲ್ಲಿ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ.

ಸೇವೆಯ ಬಗ್ಗೆ ಹೇಳಬೇಕೆಂದರೆ, ಅಂಗಡಿಯವರು ಒಳ್ಳೆಯವರೇ, ಮಾತು ಮೃದು. ಆದರೆ ಸರಣಿಯ ನಡುವೆ ಒಂದು ಸಂಚಿಕೆ ತಪ್ಪಿತು. ಒಂದು, ಎರಡು, ಮೂರು ಬಂತು, ನಾಲ್ಕು ಬರಲೇ ಇಲ್ಲ, ಐದು ಬಂತು. ಕೇಳಿದರೆ ಮುಂದಿನ ಕಟ್ಟಿನಲ್ಲಿ ಕಳಿಸುತ್ತೇವೆ ಅಂತಾರೆ. ಮುಂದಿನ ಕಟ್ಟಿನಲ್ಲೂ ಇಲ್ಲ. ಕೊನೆಗೆ ಸ್ಟಾಕ್ ಮುಗಿದಿದೆ, ಮರುಮುದ್ರಣ ಆದರೆ ನೋಡೋಣ ಅಂದರು. ನಾಲ್ಕನೆಯದ್ದಿಲ್ಲದೆ ಐದನೆಯದ್ದು ಓದಿ ಏನು ಮಾಡೋದು ಹೇಳಿ? ಆ ಒಂದು ಸಂಚಿಕೆಯ ಕಥೆ ತಿಳಿಯೋಕೆ ಆಮೇಲೆ ಇಡೀ ಸಂಪುಟವನ್ನೇ ಕೊಳ್ಳಬೇಕಾಯಿತು.

ಮಳೆಗಾಲದ ಸಾಗಾಟ ಇನ್ನೊಂದು ಕಥೆ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಅಂಥ ಹೊತ್ತಿನಲ್ಲಿ ನನ್ನ ಕಾಮಿಕ್ಸ್ ಎಲ್ಲಿ ಅಂತ ಕೇಳೋಕೆ ಯಾರಿಗೂ ಬಾಯಿ ಬರಲ್ಲ. ಆದರೆ ಸಾಧಾರಣ ಮಳೆಗಾಲದಲ್ಲೂ ಕಟ್ಟು ಎಲ್ಲೋ ಒಂದು ಗೋದಾಮಿನಲ್ಲಿ ಕೂತು, ಒದ್ದೆ ನೆಲದ ಥಂಡಿ ಕುಡಿದು, ಮೂಲೆ ಮಡಚಿಕೊಂಡು ಬರುತ್ತದೆ. ತೆಳು ಸಂಚಿಕೆ ಅದನ್ನೆಲ್ಲಾ ತಡೆಯಲ್ಲ. ಸಂಪುಟ ತಡೆಯುತ್ತದೆ, ಕನಿಷ್ಠ ರಟ್ಟಿನ ಹೊದಿಕೆಯದ್ದು.

ಈಗ ಮುಖ್ಯ ವಿಷಯ, ಪಿನ್ನು.

ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಬಿಟ್ಟ ಮೇಲೂ ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಮನೆಯ ಕಿಟಕಿಯ ಸರಳು, ಸೈಕಲ್ಲಿನ ಚೈನು, ಗ್ಯಾಸ್ ಒಲೆಯ ಸ್ಟ್ಯಾಂಡು ಎಲ್ಲಾ ತುಕ್ಕು ಹಿಡಿಯುವ ಊರಿನಲ್ಲಿ ಕಾಮಿಕ್ಸ್ ಪಿನ್ನು ಯಾವ ಲೆಕ್ಕ? ಮೊದಲು ನಡುಪುಟದಲ್ಲಿ ಪಿನ್ನಿನ ಎರಡೂ ಕಡೆ ಕಂದು ಚುಕ್ಕಿ ಕಾಣುತ್ತದೆ. ಮುಂದಿನ ಮಳೆಗಾಲಕ್ಕೆ ಅದು ಹರಡಿ ಕಾಗದವನ್ನು ತಿನ್ನುತ್ತದೆ. ಆಮೇಲೆ ಒಂದು ದಿನ ಪುಸ್ತಕ ತೆರೆದರೆ ನಡುವಿನ ಹಾಳೆ ಕೈಗೇ ಬರುತ್ತದೆ. ಪಿನ್ನು ಮುಟ್ಟಿದರೆ ಪುಡಿ.

ಕಾಗದದ್ದೂ ಕಷ್ಟ ಇದೆ. ಈಗಿನ ಕಾಮಿಕ್ಸ್ ಹೊಳಪಿನ ಕಾಗದದಲ್ಲಿ ಬರುತ್ತವೆ, ಅದರ ಮೇಲೆ ಜೇಡಿಮಣ್ಣಿನಂಥ ಪುಡಿಯ ಲೇಪ ಇರುತ್ತದೆ. ಥಂಡಿ ಹಿಡಿದ ಮೇಲೆ ಒಂದರ ಮೇಲೊಂದು ಒತ್ತಿಟ್ಟರೆ ಆ ಲೇಪವೇ ಅಂಟಾಗಿ ಪುಟಗಳು ಕೂಡಿಕೊಳ್ಳುತ್ತವೆ. ಬಿಡಿಸೋಕೆ ಹೋದರೆ ನಾಯಕನ ಮುಖ ಎದುರು ಪುಟದಲ್ಲಿ ಉಳಿಯುತ್ತದೆ. ಹಳೆಯ ನ್ಯೂಸ್‌ಪ್ರಿಂಟ್ ಸಂಚಿಕೆಗಳು ಹಾಗೆ ಅಂಟಲ್ಲ, ಆದರೆ ಹಳದಿಯಾಗಿ ಅಂಚು ಉದುರುತ್ತವೆ. ಎರಡಕ್ಕೂ ಬೂಸ್ಟು ಮಾತ್ರ ಸಮಾನವಾಗಿ ಬರುತ್ತದೆ.

ಪ್ಲಾಸ್ಟಿಕ್ ಚೀಲ, ಹಿಂದೆ ರಟ್ಟು ಕೊಟ್ಟು ಕಾಪಾಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ಹೇಳುವವರು ಒಣ ಊರಿನವರು. ಜುಲೈಯಲ್ಲಿ ಚೀಲಕ್ಕೆ ಹಾಕಿ ಅಂಟಿಸಿದರೆ ಜುಲೈಯ ತೇವವನ್ನೂ ಒಳಗೆ ಹಾಕಿ ಅಂಟಿಸಿದ ಹಾಗೆ. ನಾನು ಮಾಡೋದು ಹೀಗೆ: ಮಳೆಗಾಲದಲ್ಲಿ ಬಂದದ್ದನ್ನು ಓದಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಸಡಿಲವಾಗಿ ನಿಲ್ಲಿಸಿಡುತ್ತೇನೆ, ಜನವರಿ ಫೆಬ್ರುವರಿಯಲ್ಲಿ ಗಾಳಿ ಒಣಗಿದಾಗ ನೆರಳಿನಲ್ಲಿ ಹರಡಿ ಆಮೇಲೆ ಚೀಲಕ್ಕೆ ಹಾಕುತ್ತೇನೆ. ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ತಗೊಳ್ಳಿ. ನೀಲಿ ಹೋಗಿ ಗುಲಾಬಿಯಾದರೆ ತೇವ ಕುಡಿದಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಡಾಂಬರ್ ಗುಳಿಗೆ ಹಾಕಿದರೆ ಹುಳ ಬರಲ್ಲ ನಿಜ, ಆದರೆ ಆ ವಾಸನೆ ಕಾಗದ ಬಿಟ್ಟು ಹೋಗಲ್ಲ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಕೈ ಹೋಗುವಷ್ಟು ಜಾಗ ಬಿಡಿ.

ಇಷ್ಟೆಲ್ಲಾ ಯಾರು ಮಾಡ್ತಾರೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಶಿರಸಿಯಲ್ಲಿರುವ ನನ್ನ ಭಾವ ಸಂಪುಟದ ಪಕ್ಷ. "ನೀ ಕಾಮಿಕ್ಸ್ ಓದ್ತಿಯೋ, ಶಿಶು ಸಾಕ್ತಿಯೋ ಮಾರಾಯ" ಅಂದಿದ್ದ ಒಮ್ಮೆ, ಡಬ್ಬಿ ನೋಡಿ.

ಆದರೆ ಈ ಪಿನ್ನಿನ ಕಷ್ಟಕ್ಕೆ ಒಂದು ಮೂರನೇ ದಾರಿ ಸಿಕ್ಕಿದ್ದೂ ಶಿರಸಿಯಲ್ಲೇ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಪ್ರೆಸ್ಸುಗಳಲ್ಲಿ ಲೆಕ್ಕದ ಪುಸ್ತಕ, ರಿಜಿಸ್ಟರು ಬೈಂಡ್ ಮಾಡುವವರು ಇನ್ನೂ ಇದ್ದಾರೆ. ಅಂಥ ಒಬ್ಬ ಹಿರಿಯರ ಹತ್ತಿರ ಮುಗಿದ ಸರಣಿಯೊಂದರ ಬಿಡಿ ಸಂಚಿಕೆಗಳನ್ನು ಕೊಟ್ಟು, ಇವನ್ನು ಸೇರಿಸಿ ಒಂದು ಪುಸ್ತಕ ಮಾಡಿಕೊಡ್ತೀರಾ ಅಂದೆ. ಅವರು ಒಂದನ್ನು ತೆರೆದು ನಡುಪುಟ ನೋಡಿದರು. "ತಮ್ಮಾ, ಇದು ಹೊಲಿಯೋಕೆ ಅಂತಲೇ ಮಡಚಿಟ್ಟ ಹಾಗಿದೆ. ಪಿನ್ನು ತೆಗೀಬೇಕು ಅಷ್ಟೆ."

ಯೋಚಿಸಿದರೆ ಹೌದು. ಹೊಲಿದ ದೊಡ್ಡ ಪುಸ್ತಕ ಅಂದರೆ ಮಡಚಿದ ಹಾಳೆಗಳ ಕಟ್ಟುಗಳನ್ನು ನಡುಮಡಿಕೆಯಲ್ಲಿ ದಾರ ಹಾಕಿ ಒಂದಕ್ಕೊಂದು ಸೇರಿಸಿದ್ದು. ಬಿಡಿ ಕಾಮಿಕ್ಸ್ ಅಂದರೆ ಅಂಥದ್ದೇ ಒಂದು ಕಟ್ಟು, ದಾರದ ಬದಲು ಪಿನ್ನು. ಪಿನ್ನು ತೆಗೆದು ಅದೇ ಮಡಿಕೆಯಲ್ಲಿ ದಾರ ಹಾಕಿದರೆ ತುಕ್ಕಿನ ಚಿಂತೆಯೇ ಇಲ್ಲ. ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಎರಡು ಪುಟ ತುಂಬಾ ಹರಡಿದ ಚಿತ್ರ ಪೂರ್ತಿ ಕಾಣುತ್ತದೆ. ಅಂಟಿನ ಸಂಪುಟಗಳಲ್ಲಿ ಇಂಥ ಚಿತ್ರದ ನಡುಭಾಗ ಬೆನ್ನಿನೊಳಗೆ ನುಂಗಿಹೋಗಿರುತ್ತದೆ.

ಬೈಂಡಿಂಗಿಗೆ ಕೊಡುವವರು ಎರಡು ವಿಷಯ ಮೊದಲೇ ಹೇಳಿ. ಒಂದು, ಅಂಚು ಕತ್ತರಿಸಬೇಡಿ ಅನ್ನಿ. ರಿಜಿಸ್ಟರಿಗೆ ಮೂರು ಕಡೆ ಮಿಷನ್ನಿನಲ್ಲಿ ಸವರಿಬಿಡೋದು ಅವರಿಗೆ ಅಭ್ಯಾಸ. ಕಾಮಿಕ್ಸ್ ಚಿತ್ರ ಪುಟದ ಅಂಚಿನವರೆಗೂ ಇರುತ್ತದೆ, ಮಾತಿನ ಗುಳ್ಳೆ ಕೆಲವು ಸಲ ಅಂಚಿಗೇ ತಾಗಿರುತ್ತದೆ, ಸವರಿದರೆ ಮಾತು ಅರ್ಧ ಹೋಗುತ್ತದೆ. ಎರಡು, ಮೈದಾ ಅಂಟಿಗೆ ಮೈಲುತುತ್ತ ಹಾಕ್ತೀರಾ ಅಂತ ಕೇಳಿ. ಬರೀ ಮೈದಾ ಆದರೆ ಹುಳಕ್ಕೆ ಹಬ್ಬ. ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಸೇರಿಸೋದು ಇದೇ ಮೈಲುತುತ್ತ. ಮತ್ತೆ, ಜಾಹೀರಾತಿನ ಪುಟ ಕಿತ್ತು ಹಾಕಿ ಅಂತ ಹೇಳಬೇಡಿ. ಒಂದೇ ಹಾಳೆಯ ಇನ್ನೊಂದು ಅರ್ಧದಲ್ಲಿ ಕಥೆ ಇರುತ್ತದೆ, ಅದೂ ಸಡಿಲವಾಗುತ್ತದೆ.

ಹೀಗೆ ಮಾಡಿದ ಪುಸ್ತಕವನ್ನು ಮಾರೋಕೆ ಹೋದರೆ ಯಾರೂ ತಗೊಳ್ಳಲ್ಲ. ಸಂಗ್ರಹಕಾರರಿಗೆ ಪಿನ್ನು ತೆಗೆದ ಸಂಚಿಕೆ ಅಂದರೆ ಹೆಣ. ನನಗೆ ಮಾರುವ ಯೋಚನೆ ಇಲ್ಲ, ಹಾಗಾಗಿ ಪರವಾಗಿಲ್ಲ.

ಸಂಪುಟದಲ್ಲಿ ದೋಷ ಇಲ್ಲ ಅಂತಲ್ಲ. ಎಲ್ಲಕ್ಕಿಂತ ದೊಡ್ಡ ಸುಳ್ಳು, ಅದು ಯಾವಾಗಲೂ ಸಿಗುತ್ತೆ ಅನ್ನೋದು. ಒಂದನೇ ಸಂಪುಟ ಎಲ್ಲಾ ಕಡೆ ಇರುತ್ತದೆ. ಮೂರನೆಯದ್ದಕ್ಕೆ ಬರುವಾಗ ಮುದ್ರಣ ಮುಗಿದಿರುತ್ತದೆ, ಆನ್‌ಲೈನಿನಲ್ಲಿ ಯಾರೋ ಒಬ್ಬ ಮೂರು ಪಟ್ಟು ಬೆಲೆ ಹೇಳಿಕೊಂಡು ಕೂತಿರುತ್ತಾನೆ. ಎರಡನೆಯದ್ದು, ಅಂಟು. ಸಾವಿರ ಪುಟದ ಪೇಪರ್‌ಬ್ಯಾಕ್ ಕೈಯಲ್ಲಿ ಹಿಡಿದು ಓದೋಕೆ ಆಗಲ್ಲ, ಮಲಗಿ ಓದಿದರೆ ಎದೆನೋವು. ನನ್ನ ಒಂದು ದಪ್ಪ ಸಂಪುಟ ನಡುವೆ ಬಿರುಕು ಬಿಟ್ಟು ಎರಡು ಸಂಪುಟ ಆಗಿದೆ. ದಾರ ಹಾಕಿದ ರಟ್ಟಿನ ಸಂಪುಟಕ್ಕೆ ದುಡ್ಡು ಜಾಸ್ತಿ, ಆದರೆ ಈ ಕರಾವಳಿಯಲ್ಲಿ ಉಳಿಯೋದು ಅದೇ. ಕೊಳ್ಳುವ ಮೊದಲು ಪುಸ್ತಕದ ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಸಣ್ಣ ಸಣ್ಣ ಮಡಿಕೆಗಳ ಸಾಲು ಕಂಡರೆ ಹೊಲಿದಿರುವ ಸಾಧ್ಯತೆ ಹೆಚ್ಚು, ಸಪಾಟಾಗಿ ಕತ್ತರಿಸಿದ ಹಾಗಿದ್ದರೆ ಬರೀ ಅಂಟು.

ಮತ್ತೆ ಸಂಪುಟದಲ್ಲಿ ಓದುಗರ ಪತ್ರಗಳು ಬರಲ್ಲ. ಇದು ಸಣ್ಣ ವಿಷಯ ಅಲ್ಲ. ಸಾಗಾ ಅನ್ನುವ ಸರಣಿ 2012ರಲ್ಲಿ ಶುರುವಾಯಿತು, ಅದರ ಪತ್ರಗಳ ಪುಟಕ್ಕೆ ಅಂಚೆಯಲ್ಲಿ ಬಂದ ಕಾಗದ ಮಾತ್ರ ತಗೊಳ್ಳುತ್ತಾರೆ, ಈಮೇಲ್ ಇಲ್ಲ. ಆ ಪತ್ರಗಳಿಗಾಗಿಯೇ ಬಿಡಿ ಸಂಚಿಕೆ ಕೊಳ್ಳುವವರಿದ್ದಾರೆ. ಅದೇ ಸಾಗಾ 2018ರಲ್ಲಿ 54ನೇ ಸಂಚಿಕೆಗೆ ನಿಂತು, 55ನೆಯದ್ದು ಬಂದದ್ದು 2022ರ ಜನವರಿಯಲ್ಲಿ. ನಿಂತದ್ದೂ ಎದೆ ಒಡೆಯುವ ಜಾಗದಲ್ಲಿ. ಆಗ ಬಿಡಿ ಕೊಂಡವರು, ಸಂಪುಟ ಕೊಂಡವರು ಎಲ್ಲಾ ಒಂದೇ ದೋಣಿಯಲ್ಲಿ.

ದಿ ವಾಕಿಂಗ್ ಡೆಡ್ ಅನ್ನುವ ಸರಣಿ ಇದಕ್ಕೆ ಉಲ್ಟಾ. 2003ರಿಂದ ಬರುತ್ತಿದ್ದದ್ದು 2019ರ ಜುಲೈಯಲ್ಲಿ 193ನೇ ಸಂಚಿಕೆಗೆ ಯಾವ ಸುಳಿವೂ ಇಲ್ಲದೆ ಮುಗಿಯಿತು. ಮುಂದಿನ ಸಂಚಿಕೆಗಳ ಜಾಹೀರಾತು ಕೂಡ ಕೊಟ್ಟಿದ್ದರು, ಗುಟ್ಟು ಬಿಡಬಾರದು ಅಂತ. ಆ ತಿಂಗಳು ಸಂಚಿಕೆ ತೆರೆದವರಿಗೆ ಸಿಕ್ಕ ಆಘಾತ ಸಂಪುಟದವರಿಗೆ ಎಲ್ಲಿ ಸಿಗಬೇಕು? ಈಗ ಇಡೀ ಕಥೆ ಕಾಂಪೆಂಡಿಯಂ ಅನ್ನುವ ನಾಲ್ಕು ದಪ್ಪ ಸಂಪುಟಗಳಲ್ಲಿ ಸಿಗುತ್ತದೆ, ಮುಗಿಯುತ್ತೆ ಅಂತ ಗೊತ್ತಿದ್ದೇ ಎಲ್ಲರೂ ಓದುತ್ತಾರೆ.

ಎಲ್ಲರೂ ಕಾದರೆ ಸರಣಿಯೇ ಸಾಯುತ್ತದೆ ಅನ್ನುವ ವಾದ ಒಂದಿದೆ. ಅದರಲ್ಲಿ ಹುರುಳಿದೆ. ಅಮೆರಿಕದ ಕಾಮಿಕ್ಸ್ ಅಂಗಡಿಗಳು ಮಾರದೆ ಉಳಿದ ಬಿಡಿ ಸಂಚಿಕೆಗಳನ್ನು ಸಾಮಾನ್ಯವಾಗಿ ವಾಪಸು ಕೊಡುವ ಹಾಗಿಲ್ಲ. ಹಾಗಾಗಿ ಅವರು ಅಳೆದು ತೂಗಿ ತರಿಸುತ್ತಾರೆ, ಆ ಮುಂಗಡ ಆರ್ಡರಿನ ಸಂಖ್ಯೆ ನೋಡಿಯೇ ಪ್ರಕಾಶಕರು ಸರಣಿ ಮುಂದುವರಿಸಬೇಕೋ ಬೇಡವೋ ಅಂತ ನಿರ್ಧಾರ ಮಾಡುತ್ತಾರೆ. ಆರು ತಿಂಗಳು ಬಿಟ್ಟು ಸಂಪುಟ ಕೊಳ್ಳುವವರ ದುಡ್ಡು ಆ ಲೆಕ್ಕಕ್ಕೆ ತಡವಾಗಿ ಬರುತ್ತದೆ. ಹೊಸಬರ, ಸಣ್ಣ ಪ್ರಕಾಶಕರ ಕೆಲಸ ಇಷ್ಟವಾದರೆ ಬಿಡಿ ಸಂಚಿಕೆಗೆ ಹೆಸರು ಬರೆಸಿ. ಕಾರವಾರದ ಒಂದು ಪ್ರತಿಯಿಂದ ಸರಣಿ ಉಳಿಯುತ್ತೆ ಅಂತ ಮಾತ್ರ ಯಾರೂ ಭ್ರಮೆ ಇಟ್ಟುಕೊಳ್ಳಬೇಡಿ. ದೊಡ್ಡ ಕಂಪನಿಗಳ ಸೂಪರ್‌ಹೀರೋಗಳಿಗೆ ನಮ್ಮ ಉಪಕಾರ ಬೇಕಾಗಿಲ್ಲ.

ಮಾಂಗಾ ಓದುವವರಿಗೆ ಈ ತಲೆಬಿಸಿಯೇ ಇಲ್ಲ. ಜಪಾನಿನಲ್ಲಿ ವಾರಪತ್ರಿಕೆ ಅಗ್ಗದ ಕಾಗದದಲ್ಲಿ ಬರುತ್ತದೆ, ಓದಿ ರದ್ದಿಗೆ ಹಾಕುತ್ತಾರೆ, ಇಟ್ಟುಕೊಳ್ಳೋದು ಸಂಪುಟವನ್ನೇ. ಹೊಸ ಅಧ್ಯಾಯ ಬೇಕಾದರೆ 2019ರಿಂದ ಮಾಂಗಾ ಪ್ಲಸ್ ಆ್ಯಪಿನಲ್ಲಿ ಪುಕ್ಕಟೆ ಇದೆ. ಈ ಪದ್ಧತಿ ನನಗೆ ಬಹಳ ಸರಿ ಕಾಣುತ್ತದೆ: ಕುತೂಹಲಕ್ಕೆ ಫೋನು, ಕಪಾಟಿಗೆ ಪುಸ್ತಕ. ಮಾರ್ವೆಲ್ ಆ್ಯಪಿನಲ್ಲೂ ಅಂಗಡಿಗೆ ಬಂದ ಕೆಲವು ತಿಂಗಳಿಗೆ ಹೊಸ ಸಂಚಿಕೆ ಸಿಗುತ್ತದೆ. ಆದರೆ ಡಿಜಿಟಲ್ಲಿನಲ್ಲಿ ದುಡ್ಡು ಕೊಟ್ಟು ಕೊಂಡದ್ದು ನಮ್ಮದು ಅಂತ ಗಟ್ಟಿಯಾಗಿ ಹೇಳೋಕೆ ಬರಲ್ಲ. ಡಿಜಿಟಲ್ ಕಾಮಿಕ್ಸ್ ಮಾರುತ್ತಿದ್ದ ಕಾಮಿಕ್ಸಾಲಜಿ ಆ್ಯಪ್ 2023ರ ಕೊನೆಗೆ ಮುಚ್ಚಿ ಕಿಂಡಲ್ಲಿಗೆ ಸೇರಿಹೋಯಿತು.

ನಮ್ಮ ಕಡೆಯ ಕಾಮಿಕ್ಸಿಗೆ ಬಂದರೆ ನನ್ನ ತೀರ್ಪು ತಿರುಗುತ್ತದೆ. ಅಮರ ಚಿತ್ರ ಕಥೆಗೆ ಸಂಪುಟ ಇದೆ. ಅದನ್ನು ಕಟ್ಟಿದ ಅನಂತ ಪೈ ನಮ್ಮ ಕರಾವಳಿಯ ಕಾರ್ಕಳದವರು. 42 ಸಂಚಿಕೆಗಳಲ್ಲಿ ಬಂದ ಅವರ ಮಹಾಭಾರತ ಈಗ ಮೂರು ಸಂಪುಟದಲ್ಲಿ ಸಿಗುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಎರಡನೇ ಯೋಚನೆ ಬೇಡ, ತಗೊಂಡುಬಿಡಿ. 1980ರಲ್ಲಿ ಶುರುವಾದ ಟಿಂಕಲ್‌ನ ಸುಪ್ಪಾಂಡಿ, ಶಿಕಾರಿ ಶಂಭು ಅವರದ್ದೂ ಬೇರೆ ಬೇರೆ ಸಂಕಲನ ಬಂದಿದೆ. ಇವಕ್ಕೆಲ್ಲಾ ಹಳೇ ಬಿಡಿ ಸಂಚಿಕೆ ಹುಡುಕಿಕೊಂಡು ಹೋಗೋದು ನೆನಪಿಗಾಗಿ ಮಾತ್ರ.

ಆದರೆ ಮಕ್ಕಳ ಪತ್ರಿಕೆ ಬಾಲಮಂಗಳ? ಅದರ ನಾಯಕ ಡಿಂಗನ ಕಥೆಗಳನ್ನು ಓದಿ ಬೆಳೆದ ಕನ್ನಡದ ಮಕ್ಕಳು ಈಗ ನೌಕರಿ, ಸಂಸಾರ ಅಂತ ಇದ್ದಾರೆ. ಆ ಕಥೆಗಳ ಕನ್ನಡ ಸಂಪುಟ ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಕಾದರೆ ಬರುತ್ತೆ ಅನ್ನುವ ನಂಬಿಕೆಯೂ ನನಗಿಲ್ಲ. ಅವು ಇರೋದು ಯಾರದ್ದೋ ಅಟ್ಟದ ಮೇಲೆ, ಪಿನ್ನು ತುಕ್ಕು ಹಿಡಿದ ಬಿಡಿ ಸಂಚಿಕೆಯಲ್ಲೇ. ಅಗ್ಗದ ಕಾಗದ, ಆದರೂ ನಡುಮಡಿಕೆ ಹರಿಯದಿದ್ದರೆ ದಾರ ಹಾಕೋಕೆ ಬರುತ್ತದೆ. ರದ್ದಿಯವರು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಅದಕ್ಕಿಂತ ಅಗ್ಗದ ಬಿಡಿ ಸಂಚಿಕೆ ಎಲ್ಲೂ ಸಿಗಲ್ಲ. ಅಮೆರಿಕದ ಸಂಚಿಕೆಗಳಿಗೆ ಹೆಸರು ಬರೆಸೋದನ್ನು ಈಗ ಒಂದೆರಡು ಸಣ್ಣ ಸರಣಿಗೆ ಇಳಿಸಿದ್ದೇನೆ, ಉಳಿದ ದುಡ್ಡು ಈ ಕಡೆ ಹೋಗುತ್ತಿದೆ.

ಅಂಕಗಳು ಬೇಕೆನ್ನುವವರಿಗೆ: ಹೊಲಿದ ಸಂಪುಟಕ್ಕೆ ಐದಕ್ಕೆ ನಾಲ್ಕೂವರೆ, ಅಂಟಿನ ಸಂಪುಟಕ್ಕೆ ಮೂರು, ಹೊರದೇಶದ ಬಿಡಿ ಸಂಚಿಕೆಗೆ ಎರಡು, ಅದನ್ನೇ ಶಿರಸಿಯಲ್ಲಿ ಹೊಲಿಸಿದರೆ ನಾಲ್ಕು. ಕುಮಟಾ, ಹೊನ್ನಾವರ, ಯಲ್ಲಾಪುರದ ಕಡೆ ಯಾರ ಮನೆಯಲ್ಲಾದರೂ ಹಳೆಯ ಬಾಲಮಂಗಳ ಇದ್ದು ರದ್ದಿಗೆ ಹಾಕುವ ಯೋಚನೆಯಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಹರಿದಿದ್ದರೂ ಆಗುತ್ತೆ, ಮುಖಪುಟ ಇಲ್ಲದಿದ್ದರೂ ಆಗುತ್ತೆ. ಬಂದು ತಗೊಂಡು ಹೋಗುತ್ತೇನೆ, ಬದಲಿಗೆ ನಿಮ್ಮ ಮಕ್ಕಳಿಗೆ ಇಷ್ಟವಾದ ಒಂದು ಸಂಪುಟ ಕೊಡುತ್ತೇನೆ.